ಹಗ್ಗ ಹತ್ತುವ ಆಟ: ತಡವಾಗಿ ಬಂದವರಿಗೂ ಜಾಗವಿದ್ದ ಒಂದು ಸ್ಪರ್ಧೆಯ ಕಥೆ

ಎಂಟನೆಯ ತರಗತಿಯ ಹುಡುಗನೊಬ್ಬ ಒಂದು ದಿನ ಆಟದ ಪೀರಿಯಡ್ಡಿನಲ್ಲಿ ನಮ್ಮನ್ನು ಕೇಳಿದ. "ಸಾರ್, ಜಿಮ್ನಾಸ್ಟಿಕ್ಸ್ ಕಲೀಬೇಕು ಅಂದ್ರೆ ಎಷ್ಟನೇ ವಯಸ್ಸಿಗೆ ಸೇರ್ಬೇಕು?"

"ಐದಾರು ವರ್ಷಕ್ಕೇ ಸೇರಿಸ್ತಾರಪ್ಪ" ಎಂದೆವು.

"ಹಂಗಾದ್ರೆ ನಂದು ಮುಗೀತಾ ಸಾರ್?"

ಆ ಹೊತ್ತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ನಾವು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ತ್ರಿಪುರಾದ ದೀಪಾ ಕರ್ಮಾಕರ್ ಸುಮಾರು ಆರು ವರ್ಷದವರಿದ್ದಾಗಲೇ ಅಭ್ಯಾಸ ಶುರು ಮಾಡಿದರು. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ಸ್ಪರ್ಧೆಯಲ್ಲಿ ನಾಲ್ಕನೆಯವರಾದರು. ಕಂಚಿನ ಪದಕ ತಪ್ಪಿದ್ದು ಕೇವಲ 0.15 ಅಂಕದಿಂದ. ರೊಮೇನಿಯಾದ ನಾಡಿಯಾ ಕೊಮನೇಚಿ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹತ್ತಕ್ಕೆ ಹತ್ತು ಅಂಕ ಪಡೆದಾಗ ಅವರಿಗೆ ಹದಿನಾಲ್ಕೇ ವರ್ಷ. ನಮ್ಮ ಹುಡುಗ ಆ ಪ್ರಶ್ನೆ ಕೇಳಿದ ವಯಸ್ಸಿಗೆ ಆಕೆ ಜಗತ್ತನ್ನೇ ಗೆದ್ದಾಗಿತ್ತು! ಇಂದಿನ ಜಿಮ್ನಾಸ್ಟಿಕ್ಸ್ ಹಾಗೆ ಇದೆ.

ಆದರೆ ಯಾವಾಗಲೂ ಹಾಗೆಯೇ ಇತ್ತೆ? ಹುಡುಗನ ಮುಖ ನೆನಪಾಗಿ ನಾವು ಹಳೆಯ ಒಲಿಂಪಿಕ್ಸ್‌ಗಳ ಇತಿಹಾಸ ಓದಲು ಕುಳಿತೆವು. ಓದುತ್ತಾ ಹೋದಂತೆ ಒಂದು ವಿಚಾರ ತಿಳಿಯಿತು. ಜಿಮ್ನಾಸ್ಟಿಕ್ಸ್‌ನಲ್ಲಿ ಹಿಂದೆ ಒಂದು ಸ್ಪರ್ಧೆ ಇತ್ತು. ಅದಕ್ಕೆ ಬೇಕಾಗಿದ್ದದ್ದು ಒಂದು ಹಗ್ಗ, ಒಂದು ಗಡಿಯಾರ, ಎರಡು ಗಟ್ಟಿ ಕೈ. ಕಾಲೇಜಿಗೆ ಬಂದ ಮೇಲೆ ಹಗ್ಗ ಹಿಡಿದವರಿಗೂ, ಮೂವತ್ತು ದಾಟಿದ ಗುಮಾಸ್ತರಿಗೂ ಅಲ್ಲಿ ಜಾಗವಿತ್ತು. ಆಮೇಲೆ ಆ ಸ್ಪರ್ಧೆಯನ್ನು ಪಟ್ಟಿಯಿಂದ ತೆಗೆದುಹಾಕಿದರು. ಇವತ್ತು ಅದರ ಕಥೆಯನ್ನು ಬರೆಯೋಣ ಎನ್ನಿಸಿತು.

ಆಟ ಹೇಗಿತ್ತು?

ಚಾವಣಿಯ ತೊಲೆಗೋ ಎತ್ತರದ ಕಂಬಕ್ಕೋ ದಪ್ಪನೆಯ ಹಗ್ಗವನ್ನು ಇಳಿಬಿಡುತ್ತಿದ್ದರು. ಸ್ಪರ್ಧಿ ಬರೀ ಕೈಗಳ ಬಲದಿಂದ ಮೇಲೆ ಹೋಗಬೇಕು. ನಮ್ಮ ಊರುಗಳಲ್ಲಿ ತೆಂಗಿನ ಮರ ಹತ್ತುವವರು ಕಾಲುಗಳನ್ನು ಮರಕ್ಕೆ ಕೊಟ್ಟು ಹತ್ತುತ್ತಾರಲ್ಲ, ಹಾಗೆ ಇಲ್ಲಿ ಕಾಲನ್ನು ಹಗ್ಗಕ್ಕೆ ಸುತ್ತುವಂತಿಲ್ಲ. ಅಮೆರಿಕದ ಕಾಲೇಜುಗಳಲ್ಲಿ ನಿಯಮ ಇನ್ನೂ ಬಿಗಿ. ನೆಲದ ಮೇಲೆ ಕಾಲು ಚಾಚಿ ಕುಳಿತ ಸ್ಥಿತಿಯಿಂದಲೇ ಶುರು ಮಾಡಬೇಕಿತ್ತು. ಎಗರಿ ಹಗ್ಗ ಹಿಡಿಯುವ ಅನುಕೂಲ ಯಾರಿಗೂ ಇರಲಿಲ್ಲ.

ತುದಿ ಮುಟ್ಟಿದ್ದು ನಿಜವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೊಂದು ಸರಳ ಉಪಾಯ ಮಾಡಿದ್ದರು. ಹಗ್ಗದ ಮೇಲ್ತುದಿಯಲ್ಲಿ ತಮಟೆಯಂತಹ ಒಂದು ತಟ್ಟೆ ಕಟ್ಟಿ ಅದರ ಅಡಿಗೆ ದೀಪದ ಮಸಿ ಬಳಿಯುತ್ತಿದ್ದರು. ಕೆಳಗೆ ಇಳಿದು ಬಂದವನ ಬೆರಳಿನಲ್ಲಿ ಮಸಿ ಇದ್ದರೆ ಮುಟ್ಟಿದ ಹಾಗೆ, ಇಲ್ಲದಿದ್ದರೆ ಇಲ್ಲ. ಇದಕ್ಕಿಂತ ನೇರವಾದ ತೀರ್ಪು ಬೇರೆ ಯಾವ ಆಟದಲ್ಲಿದೆ ಹೇಳಿ!

ಅಥೆನ್ಸ್‌ನಿಂದ ಲಾಸ್ ಏಂಜಲೀಸ್‌ವರೆಗೆ

ಆಧುನಿಕ ಒಲಿಂಪಿಕ್ಸ್ ಮೊದಲು ನಡೆದದ್ದು 1896ರಲ್ಲಿ, ಗ್ರೀಸ್ ದೇಶದ ಅಥೆನ್ಸ್‌ನಲ್ಲಿ. ಅಲ್ಲಿಯೇ ಹಗ್ಗ ಹತ್ತುವ ಸ್ಪರ್ಧೆ ಇತ್ತು. ಹಗ್ಗದ ಎತ್ತರ 14 ಮೀಟರ್, ಅಂದರೆ ನಾಲ್ಕು ಅಂತಸ್ತಿನ ಕಟ್ಟಡದಷ್ಟು. ಸ್ಪರ್ಧಿಸಿದವರು ಐದು ಮಂದಿ. ತುದಿ ಮುಟ್ಟಿದವರು ಇಬ್ಬರೇ, ಇಬ್ಬರೂ ಗ್ರೀಕರು. ನಿಕೊಲಾವೊಸ್ ಆಂಡ್ರಿಯಾಕೊಪೌಲೊಸ್ 23.4 ಸೆಕೆಂಡಿನಲ್ಲಿ ಹತ್ತಿ ಮೊದಲಿಗರಾದರು. ಥಾಮಸ್ ಕ್ಸೆನಾಕಿಸ್ ಎರಡನೆಯವರು.

ಸೋತ ಮೂವರ ಕಥೆ ನಮಗೆ ಇನ್ನೂ ಸ್ವಾರಸ್ಯವಾಗಿ ಕಂಡಿತು. ಮೂರನೆಯವರಾದ ಜರ್ಮನಿಯ ಫ್ರಿಟ್ಜ್ ಹಾಫ್‌ಮನ್ ಅದೇ ಕೂಟದಲ್ಲಿ 100 ಮೀಟರ್ ಓಟದಲ್ಲಿ ಎರಡನೆಯವರಾಗಿದ್ದವರು. ನಾಲ್ಕನೆಯವರು ಡೆನ್ಮಾರ್ಕಿನ ವಿಗ್ಗೊ ಯೆನ್ಸನ್, ಐದನೆಯವರು ಬ್ರಿಟನ್ನಿನ ಲಾನ್ಸ್‌ಸ್ಟನ್ ಎಲಿಯಟ್. ಇವರಿಬ್ಬರೂ ಭಾರ ಎತ್ತುವವರು. ಎರಡು ಕೈಯ ಭಾರ ಎತ್ತುವಿಕೆಯಲ್ಲಿ ಯೆನ್ಸನ್ ಮೊದಲು, ಒಂದು ಕೈಯ ಭಾರ ಎತ್ತುವಿಕೆಯಲ್ಲಿ ಎಲಿಯಟ್ ಮೊದಲು. ಈ ಎಲಿಯಟ್ ಹುಟ್ಟಿದ್ದು ನಮ್ಮ ದೇಶದಲ್ಲೇ, 1874ರಲ್ಲಿ, ಆಗಿನ ಮುಂಬಯಿ ಪ್ರಾಂತ್ಯದಲ್ಲಿ. ಧಾರವಾಡ, ಬೆಳಗಾವಿಗಳೆಲ್ಲ ಆಗ ಅದೇ ಪ್ರಾಂತ್ಯಕ್ಕೆ ಸೇರಿದ್ದವು. ಓಟಗಾರ, ಭಾರ ಎತ್ತುವವರು ಎಲ್ಲರೂ ಬಂದು ಹಗ್ಗಕ್ಕೆ ಕೈ ಹಾಕಿದರು ಎಂಬುದನ್ನು ಗಮನಿಸಿ. "ನೀನು ಚಿಕ್ಕಂದಿನಿಂದ ಕಲಿತಿದ್ದೀಯಾ?" ಎಂದು ಅವರನ್ನು ಯಾರೂ ಕೇಳಲಿಲ್ಲ.

ಎರಡನೆಯ ಸಲ ಈ ಸ್ಪರ್ಧೆ ಬಂದದ್ದು 1904ರಲ್ಲಿ, ಅಮೆರಿಕದ ಸೇಂಟ್ ಲೂಯಿಯಲ್ಲಿ. ಹಗ್ಗ 25 ಅಡಿ. ಗೆದ್ದವರು ಜಾರ್ಜ್ ಐಸರ್. ಜರ್ಮನಿಯಲ್ಲಿ ಹುಟ್ಟಿ ಹುಡುಗನಾಗಿದ್ದಾಗ ಅಮೆರಿಕಕ್ಕೆ ವಲಸೆ ಹೋದವರು. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ವಯಸ್ಸು 34. ಎಡಗಾಲು ಇರಲಿಲ್ಲ, ರೈಲಿಗೆ ಸಿಕ್ಕಿ ಹೋಯಿತೆಂದು ಹೇಳುತ್ತಾರೆ. ಮರದ ಕಾಲು ಕಟ್ಟಿಕೊಂಡೇ ಅವರು 1904ರ ಅಕ್ಟೋಬರ್ 29ರ ಒಂದೇ ದಿನದಲ್ಲಿ ಆರು ಪದಕ ಗೆದ್ದರು: ಮೂರು ಚಿನ್ನ, ಎರಡು ಬೆಳ್ಳಿ, ಒಂದು ಕಂಚು. ಚಿನ್ನಗಳಲ್ಲಿ ಒಂದು ಹಗ್ಗ ಹತ್ತಿದ್ದಕ್ಕೆ, 7.0 ಸೆಕೆಂಡಿನಲ್ಲಿ. ಹಗ್ಗಕ್ಕೆ ಕಾಲು ಬೇಡ, ಕೈ ಸಾಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

1906ರಲ್ಲಿ ಅಥೆನ್ಸ್‌ನಲ್ಲಿ ಒಂದು ಮಧ್ಯಂತರ ಕೂಟ ನಡೆಯಿತು. ಅದನ್ನು ಈಗ ಅಧಿಕೃತ ಒಲಿಂಪಿಕ್ಸ್ ಎಂದು ಎಣಿಸುವುದಿಲ್ಲ. ಅಲ್ಲಿ ಗ್ರೀಸಿನ ಯೋರ್ಗಿಯೊಸ್ ಅಲಿಪ್ರಾಂಟಿಸ್ 10 ಮೀಟರ್ ಹಗ್ಗವನ್ನು 11.4 ಸೆಕೆಂಡಿನಲ್ಲಿ ಹತ್ತಿದರು. ಆಮೇಲೆ 1924ರ ಪ್ಯಾರಿಸ್. ಹಗ್ಗ 8 ಮೀಟರ್, ಸ್ಪರ್ಧಿಗಳು ಎಪ್ಪತ್ತರ ಹತ್ತಿರ. ಜೆಕೊಸ್ಲೊವಾಕಿಯಾದ ಬೆದ್ರಿಚ್ ಶುಪ್ಚಿಕ್ 7.2 ಸೆಕೆಂಡಿನಲ್ಲಿ ಗೆದ್ದರು. ಫ್ರಾನ್ಸಿನ ಆಲ್ಬರ್ಟ್ ಸೆಗಾಂ 7.4 ಸೆಕೆಂಡಿನೊಂದಿಗೆ ಎರಡನೆಯವರು.

ಕೊನೆಯದು 1932, ಲಾಸ್ ಏಂಜಲೀಸ್. ಮತ್ತೆ 8 ಮೀಟರ್ ಹಗ್ಗ. ಆದರೆ ಸ್ಪರ್ಧಿಗಳು ಐದೇ ಜನ. ಮೂವರು ಅಮೆರಿಕದವರು, ಇಬ್ಬರು ಹಂಗೇರಿಯವರು. ಜಗತ್ತಿನಾದ್ಯಂತ ಆರ್ಥಿಕ ಕುಸಿತದ ಕಾಲ ಅದು. ಯುರೋಪಿನಿಂದ ಹಡಗು ಹತ್ತಿ, ಆಮೇಲೆ ರೈಲಿನಲ್ಲಿ ಅಮೆರಿಕದ ಪಶ್ಚಿಮ ತುದಿಗೆ ಹೋಗುವುದಕ್ಕೆ ಎಷ್ಟು ದೇಶಗಳ ಬಳಿ ದುಡ್ಡಿತ್ತು? ಆ ಸಲ ಮೂರು ಪದಕವೂ ಅಮೆರಿಕದವರಿಗೇ ಹೋಯಿತು. ರೇಮಂಡ್ ಬಾಸ್ 6.7 ಸೆಕೆಂಡು, ವಿಲಿಯಂ ಗಾಲ್‌ಬ್ರೈತ್ 6.8 ಸೆಕೆಂಡು, ಥಾಮಸ್ ಕೊನೊಲಿ 7.0 ಸೆಕೆಂಡು.

ಮೂವರೂ ಒಂದೇ ಕಾಲೇಜಿನವರು!

ನಾವು ಹುಡುಕುತ್ತಿದ್ದ ಉತ್ತರ ಸಿಕ್ಕಿದ್ದು ಈ ಮೂವರಲ್ಲಿ. ಬಾಸ್, ಗಾಲ್‌ಬ್ರೈತ್, ಕೊನೊಲಿ ಮೂವರೂ ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಓದಿದವರು. ಅದು ಮೇರಿಲ್ಯಾಂಡ್ ರಾಜ್ಯದ ಅನ್ನಾಪೊಲಿಸ್ ಊರಿನಲ್ಲಿದೆ. ನೌಕಾಪಡೆಯ ಅಧಿಕಾರಿಗಳನ್ನು ತಯಾರು ಮಾಡುವ ಕಾಲೇಜು ಎನ್ನಬಹುದು. ಹುಡುಗರು ಅಲ್ಲಿಗೆ ಸೇರುವುದು ಹೈಸ್ಕೂಲು ಮುಗಿಸಿದ ಮೇಲೆ. ಹಡಗಿನಲ್ಲಿ ಕೆಲಸ ಮಾಡುವವನಿಗೆ ಹಗ್ಗ ಹತ್ತುವುದು ವೃತ್ತಿಗೇ ಬೇಕಾದ ವಿದ್ಯೆ. ಹಾಗಾಗಿ ಆ ಕಾಲೇಜಿನಲ್ಲಿ ಈ ಆಟಕ್ಕೆ ಬೆಲೆ ಇತ್ತು.

ಆ ಕಾಲದ ಅಮೆರಿಕದ ಕಾಲೇಜುಗಳಲ್ಲಿ ಜಿಮ್ನಾಸ್ಟಿಕ್ಸ್ ತಂಡಕ್ಕೆ ಬರುತ್ತಿದ್ದ ಎಷ್ಟೋ ಯುವಕರು ಮೊದಲ ಸಲ ಆ ಉಪಕರಣಗಳನ್ನು ಮುಟ್ಟಿದ್ದೇ ಕಾಲೇಜಿಗೆ ಬಂದ ಮೇಲೆ. ಅಂಥವರು ಅಡ್ಡಪಟ್ಟಿಯಲ್ಲಿ ಗಿರಗಿರನೆ ತಿರುಗುವುದನ್ನು, ಕುದುರೆಯ ಮೇಲೆ ಕಾಲು ಬೀಸುವುದನ್ನು ಕಲಿಯಲು ವರ್ಷಗಳು ಬೇಕು. ಮೈ ಎಳೆಯದಿದ್ದಾಗ ಬಗ್ಗುವಂತೆ ಬೆಳೆದ ಮೇಲೆ ಬಗ್ಗುವುದಿಲ್ಲ. ಹಗ್ಗ ಹಾಗಲ್ಲ. ಹಗ್ಗಕ್ಕೆ ಬೇಕಾದದ್ದು ತೋಳು, ಭುಜ, ಬೆನ್ನಿನ ಬಲ, ಹಿಡಿತ, ಮತ್ತು ಮೈಯ ತೂಕ ಕಡಿಮೆ ಇರುವುದು. ಇವೆಲ್ಲ ಹದಿನೆಂಟರಿಂದ ಇಪ್ಪತ್ತೈದರ ನಡುವೆ ಚೆನ್ನಾಗಿ ಬೆಳೆಯುವಂಥವು. ಆದ್ದರಿಂದ ತಡವಾಗಿ ಬಂದ ಹುಡುಗನಿಗೆ ಜಿಮ್ನಾಸ್ಟಿಕ್ಸ್ ತಂಡದಲ್ಲಿ ತೆರೆದಿದ್ದ ಬಾಗಿಲು ಹಗ್ಗವೇ.

ಕೊನೊಲಿ 1909ರಲ್ಲಿ ಹುಟ್ಟಿದವರು. 1932ರಲ್ಲಿ ಕಂಚು ಗೆದ್ದಾಗ ಇನ್ನೂ ವಿದ್ಯಾರ್ಥಿ. ಪದವಿ ಮುಗಿಸಿದ್ದು 1933ರಲ್ಲಿ. ಮುಂದೆ ವಿಮಾನ ಚಾಲಕರಾಗಿ, ನೌಕಾಪಡೆಯ ಪರೀಕ್ಷಾ ಚಾಲಕರ ಶಾಲೆಯನ್ನು ಕಟ್ಟಿದವರಲ್ಲಿ ಒಬ್ಬರಾಗಿ, ವೈಸ್ ಅಡ್ಮಿರಲ್ ಹುದ್ದೆಗೆ ಏರಿದರು. 1960ರ ದಶಕದಲ್ಲಿ ಎಫ್-111ಬಿ ಎಂಬ ವಿಮಾನವನ್ನು ನೌಕಾಪಡೆಯ ಮೇಲೆ ಹೇರುವ ಪ್ರಯತ್ನ ನಡೆದಾಗ, ಇದು ನಮಗೆ ಆಗದು ಎಂದು ಸೆನೆಟ್ ಸಮಿತಿಯ ಮುಂದೆ ನೇರವಾಗಿ ಹೇಳಿದವರು ಇವರು. ಅದರ ಬದಲು ಬಂದ ಎಫ್-14 ವಿಮಾನಕ್ಕೆ 'ಟಾಮ್‌ಕ್ಯಾಟ್' ಎಂದು ಹೆಸರಾದದ್ದರಲ್ಲಿ ಟಾಮ್ ಕೊನೊಲಿಯವರ ಹೆಸರೂ ಸೇರಿದೆ ಎಂದು ಹೇಳುತ್ತಾರೆ. ಬಾಸ್ ಎರಡನೇ ಮಹಾಯುದ್ಧದಲ್ಲಿ ಸಬ್‌ಮರೀನ್ ಕಮಾಂಡರ್ ಆಗಿದ್ದರು. ಒಬ್ಬರು ಆಕಾಶಕ್ಕೆ, ಇನ್ನೊಬ್ಬರು ಸಮುದ್ರದ ಆಳಕ್ಕೆ ಹೋದವರು. ಅದಕ್ಕೂ ಮೊದಲು ಇಬ್ಬರೂ ಒಂದೇ ಕಾಲೇಜಿನಲ್ಲಿ ಹಗ್ಗ ಹತ್ತಿದವರು.

ಸ್ವಲ್ಪ ಲೆಕ್ಕ

ನಾವು ಮೇಷ್ಟ್ರುಗಳು, ಲೆಕ್ಕ ಮಾಡದೆ ಬಿಡುವುದಿಲ್ಲ. ಎತ್ತರವನ್ನು ಕಾಲದಿಂದ ಭಾಗಿಸಿದರೆ ವೇಗ ಸಿಗುತ್ತದೆ. 1896ರ ಆಂಡ್ರಿಯಾಕೊಪೌಲೊಸ್ ಸೆಕೆಂಡಿಗೆ ಸುಮಾರು 0.60 ಮೀಟರ್. 1904ರ ಐಸರ್ 1.09. 1924ರ ಶುಪ್ಚಿಕ್ 1.11. 1932ರ ಬಾಸ್ 1.19. ಹಗ್ಗ ಉದ್ದವಿದ್ದಷ್ಟೂ ದಣಿವು ಹೆಚ್ಚು, ಆದ್ದರಿಂದ ಇವರನ್ನು ನೇರವಾಗಿ ಹೋಲಿಸುವುದು ಪೂರ್ತಿ ನ್ಯಾಯವಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಒಲಿಂಪಿಕ್ಸ್‌ನಿಂದ ಹೋದ ಮೇಲೂ ಅಮೆರಿಕದ ಕಾಲೇಜುಗಳಲ್ಲಿ ಈ ಆಟ ಮೂವತ್ತು ವರ್ಷ ಉಳಿಯಿತು. ಅಲ್ಲಿ ಸಾಮಾನ್ಯವಾಗಿ 20 ಅಡಿ ಹಗ್ಗ. 1954ರಲ್ಲಿ ಡಾನ್ ಪೆರ್ರಿ ಎಂಬ ಆಟಗಾರ ಆ 20 ಅಡಿಯನ್ನು 2.8 ಸೆಕೆಂಡಿನಲ್ಲಿ ಹತ್ತಿದರು. ಇವರು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು. 20 ಅಡಿ ಅಂದರೆ 6.1 ಮೀಟರ್. ವೇಗ ಸೆಕೆಂಡಿಗೆ 2.18 ಮೀಟರ್! ಹತ್ತುವವನ ತೂಕ 70 ಕಿಲೋ ಎಂದು ಇಟ್ಟುಕೊಳ್ಳಿ. 70 × 9.8 × 6.1 = 4185 ಜೂಲ್ ಕೆಲಸ. ಅದನ್ನು 2.8ರಿಂದ ಭಾಗಿಸಿದರೆ ಸುಮಾರು 1495 ವಾಟ್. ಒಂದು ಅಶ್ವಶಕ್ತಿ 746 ವಾಟ್ ಆದ್ದರಿಂದ ಇದು ಎರಡು ಅಶ್ವಶಕ್ತಿ. ನಮ್ಮ ರೈತರ ಬಾವಿಯಲ್ಲಿರುವ ಎರಡು ಎಚ್.ಪಿ. ಮೋಟಾರಿನ ಬಲ, ಮೂರು ಸೆಕೆಂಡು ಒಬ್ಬ ಮನುಷ್ಯನ ಎರಡು ತೋಳಿನಲ್ಲಿ. ಒಂಬತ್ತನೆಯ ತರಗತಿಯ ಭೌತವಿಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ಯಾಕೆ ತೆಗೆದರು?

1936ರ ಬರ್ಲಿನ್ ಒಲಿಂಪಿಕ್ಸ್‌ನಿಂದ ಪುರುಷರ ಜಿಮ್ನಾಸ್ಟಿಕ್ಸ್ ಆರು ವಿಭಾಗಗಳಿಗೆ ನಿಂತಿತು: ನೆಲದ ಕಸರತ್ತು, ಪಾಮೆಲ್ ಕುದುರೆ, ರಿಂಗ್, ವಾಲ್ಟ್, ಸಮಾನಾಂತರ ಪಟ್ಟಿ, ಅಡ್ಡಪಟ್ಟಿ. ಇಂದಿಗೂ ಇವೇ ಆರು. ಇವೆಲ್ಲವನ್ನೂ ತೀರ್ಪುಗಾರರು ನೋಡಿ ಅಂಕ ಕೊಡುತ್ತಾರೆ. ಹಗ್ಗಕ್ಕೆ ಗಡಿಯಾರವೇ ತೀರ್ಪುಗಾರ. ಒಂದೇ ಪಟ್ಟಿಯಲ್ಲಿ ಇವು ಎರಡೂ ಹೊಂದಿಕೊಳ್ಳಲಿಲ್ಲ. ಜೊತೆಗೆ 1932ರಲ್ಲಿ ಬಂದವರು ಐದೇ ಜನ ಎಂಬುದೂ ಅದರ ಪರವಾಗಿ ಮಾತಾಡಲಿಲ್ಲ.

ಆಮೇಲೆ ಆದದ್ದು ಸಹಜ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇಲ್ಲದ ಆಟಕ್ಕೆ ಕಾಲೇಜುಗಳು ಯಾಕೆ ಸಮಯ ಕೊಡಬೇಕು? 1960ರ ದಶಕದ ಆರಂಭದಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್‌ಶಿಪ್‌ನಿಂದಲೂ ಹಗ್ಗ ಹೋಯಿತು. ಜೆಕ್ ನಾಡಿನಲ್ಲಿ ಮಾತ್ರ ಶುಪ್ಚಿಕ್ ಅವರ ನೆನಪು ಬತ್ತಿಲ್ಲ, ಅಲ್ಲಿ ಹಗ್ಗ ಹತ್ತುವ ಸ್ಪರ್ಧೆಗಳು ಮುಂದುವರಿದವು.

ಪಟ್ಟಿಯಿಂದ ಒಂದು ಆಟ ಹೋದರೆ ಏನು ನಷ್ಟ ಎಂದು ಕೇಳಬಹುದು. ನಮ್ಮ ಲೆಕ್ಕದಲ್ಲಿ ನಷ್ಟವಾದದ್ದು ತಡವಾಗಿ ಬಂದವರಿಗೆ. ಉಳಿದ ಆರೂ ವಿಭಾಗಗಳು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಾ ಹೋದವು, ಶುರು ಮಾಡುವ ವಯಸ್ಸು ಕೆಳಕ್ಕೆ ಇಳಿಯುತ್ತಾ ಹೋಯಿತು. ಹದಿನೆಂಟರ ಹುಡುಗ ಒಳಗೆ ಬರಬಹುದಾಗಿದ್ದ ಬಾಗಿಲು ಮುಚ್ಚಿತು. ಯಾರೂ ಬೇಕೆಂದು ಮುಚ್ಚಿದ್ದಲ್ಲ. ಪಟ್ಟಿ ಮಾಡುವವರಿಗೆ ಆ ಬಾಗಿಲಲ್ಲಿ ನಿಂತಿದ್ದವರು ಕಾಣಲಿಲ್ಲ ಅಷ್ಟೆ.

ನಮ್ಮ ಹೆಸರಿನ ಇನ್ನೊಂದು ಆಟ

ಹಗ್ಗದ ಜೊತೆಗೇ ಕಾಣೆಯಾದ ಇನ್ನೊಂದು ಒಲಿಂಪಿಕ್ ಆಟವಿದೆ. ಅದರ ಹೆಸರೇ 'ಇಂಡಿಯನ್ ಕ್ಲಬ್ಸ್'. ನಮ್ಮ ಗರಡಿ ಮನೆಗಳಲ್ಲಿ ಪೈಲ್ವಾನರು ಸಾಮು ಮಾಡುವಾಗ ಭುಜದ ಸುತ್ತ ತಿರುಗಿಸುವ ಮರದ ಮುದ್ಗರ ಇದೆಯಲ್ಲ, ತಮಿಳಿನಲ್ಲಿ ಕರ್ಲಾಕಟ್ಟೈ ಎನ್ನುತ್ತಾರೆ, ಅದೇ. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಇದನ್ನು ನೋಡಿ ಕಲಿತರು. 1834ರಲ್ಲಿ ಡೊನಾಲ್ಡ್ ವಾಕರ್ ಇಂಗ್ಲೆಂಡಿನಲ್ಲಿ ಬರೆದ ವ್ಯಾಯಾಮದ ಪುಸ್ತಕದಲ್ಲಿ ಇದು ಬಂತು. 1860ರ ದಶಕದಲ್ಲಿ ಸಿಮ್ ಕೆಹೊ ಎಂಬುವವರು ಅಮೆರಿಕದಲ್ಲಿ ಇದನ್ನು ಜನಪ್ರಿಯ ಮಾಡಿದರು. ಕೊನೆಗೆ 1904 ಮತ್ತು 1932ರ ಒಲಿಂಪಿಕ್ಸ್‌ಗಳಲ್ಲಿ ಪದಕದ ಸ್ಪರ್ಧೆಯೇ ಆಯಿತು. 1904ರಲ್ಲಿ ಎಡ್ವರ್ಡ್ ಹೆನಿಗ್, 1932ರಲ್ಲಿ ಜಾರ್ಜ್ ರಾತ್ ಗೆದ್ದರು. ಇಬ್ಬರೂ ಅಮೆರಿಕದವರು.

ರಾತ್ ಅವರಿಗೆ ಆಗ ಕೆಲಸವಿರಲಿಲ್ಲ. ತುಂಬಿದ ಕ್ರೀಡಾಂಗಣದಲ್ಲಿ ಚಿನ್ನದ ಪದಕ ಪಡೆದು, ಹೊರಗೆ ಬಂದು, ರಸ್ತೆಯಲ್ಲಿ ಯಾರದೋ ಗಾಡಿಗೆ ಕೈ ಅಡ್ಡ ಹಿಡಿದು ಮನೆಗೆ ಹೋದರು ಎಂದು ಹೇಳುತ್ತಾರೆ. ಅದೇ 1932ರ ಆಗಸ್ಟ್‌ನಲ್ಲಿ, ಅದೇ ಊರಿನಲ್ಲಿ, ನಮ್ಮ ಹಾಕಿ ತಂಡ ಅಮೆರಿಕವನ್ನು 24–1 ಗೋಲುಗಳಿಂದ ಸೋಲಿಸಿ ಚಿನ್ನ ಗೆದ್ದಿತು. ಆದರೆ 'ಇಂಡಿಯನ್' ಎಂಬ ಹೆಸರಿನ ಆ ಸ್ಪರ್ಧೆಯಲ್ಲಿ ಇದ್ದ ನಾಲ್ವರಲ್ಲಿ ಒಬ್ಬರೂ ಭಾರತೀಯರಲ್ಲ. ಮೂವರು ಅಮೆರಿಕದವರು, ಒಬ್ಬರು ಮೆಕ್ಸಿಕೊದವರು. ನಮ್ಮ ವಸ್ತು ಜಗತ್ತಿನ ಪಟ್ಟಿ ಸೇರಿತು, ಮತ್ತೆ ಆ ಪಟ್ಟಿಯಿಂದ ಹೊರಗೂ ಬಂತು. ಎರಡು ಸಲವೂ ನಮ್ಮನ್ನು ಯಾರೂ ಕೇಳಲಿಲ್ಲ, ನಾವೂ ಹೋಗಲಿಲ್ಲ.

ನಮ್ಮ ಸೀಮೆಯಲ್ಲಿ ಹತ್ತುವ ಆಟ

ಹಾಗೆಂದು ನಮ್ಮಲ್ಲಿ ಹಗ್ಗವೇ ಇರಲಿಲ್ಲವೆ? ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರು ಕಂಬದ ಮೇಲೆ ಮಾಡುವ ಅಭ್ಯಾಸದ ಮಾತು ಬರುತ್ತದೆ. ಅದೇ ಮಲ್ಲಕಂಬ. ಅದಕ್ಕೆ ಹಗ್ಗದ ಮಲ್ಲಕಂಬ ಎಂಬ ಇನ್ನೊಂದು ರೂಪವೂ ಇದೆ. ಹೆಣ್ಣುಮಕ್ಕಳು ಅದರಲ್ಲಿ ವಿಶೇಷವಾಗಿ ಮುಂದೆ. ಉತ್ತರ ಕರ್ನಾಟಕದಲ್ಲಿ ಇದು ಇಂದಿಗೂ ಜೀವಂತ. ನಮ್ಮ ತಮಿಳುನಾಡಿನಲ್ಲೂ 'ಮಲ್ಲರ್ ಕಂಬಂ' ಎಂಬ ಹೆಸರಿನಲ್ಲಿ ವಿಲ್ಲುಪುರಂ ಕಡೆ ಮಕ್ಕಳು ಕಲಿಯುತ್ತಾರೆ. 1936ರಲ್ಲಿ ಹಗ್ಗ ಒಲಿಂಪಿಕ್ಸ್‌ನಿಂದ ಹೋದ ಅದೇ ಬರ್ಲಿನ್ ಕೂಟದ ಹೊತ್ತಿನಲ್ಲಿ, ಮಹಾರಾಷ್ಟ್ರದ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಅಲ್ಲಿಗೆ ಹೋಗಿ ನಮ್ಮ ದೇಶೀ ಆಟಗಳನ್ನು ತೋರಿಸಿ ಬಂದಿದ್ದರು. 2022ರಲ್ಲಿ ಪಂಚಕುಲದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಮಲ್ಲಕಂಬಕ್ಕೆ ಜಾಗ ಸಿಕ್ಕಿತು.

ನಮಗೆ ಪಕ್ಕದ ಕೋಲಾರ ಜಿಲ್ಲೆಯ ಮೂಲದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದವರೂ ಅವರೇ. ಸಾಮು ಮಾಡುವವನಿಗೆ ಓದು ಬರಹ ಹತ್ತುವುದಿಲ್ಲ ಎನ್ನುವವರಿಗೆ ನಾವು ಅವರ ಹೆಸರನ್ನೇ ಹೇಳುತ್ತೇವೆ.

ಇನ್ನು ಹಳ್ಳಿಯ ಮಾತು. ಗೋಕುಲಾಷ್ಟಮಿಯ ಜಾರುಗಂಬವನ್ನು, ತಮಿಳಿನವರು ವಳುಕ್ಕು ಮರಂ ಎನ್ನುವುದನ್ನು, ನೋಡದವರು ಯಾರು? ಹುಣಸೆ ಮರಕ್ಕೆ ಕಟ್ಟಿದ ಉಯ್ಯಾಲೆಯ ಹಗ್ಗವನ್ನು ಹಿಡಿದು ಮೇಲೆ ಹೋಗದ ಹುಡುಗರು ಯಾರು? ಹೊಸೂರು, ಡೆಂಕಣಿಕೋಟೆ, ತಳಿ, ಕೃಷ್ಣಗಿರಿ ಕಡೆ ಹುಣಸೆ ಮರಕ್ಕೂ ಮಾವಿನ ಮರಕ್ಕೂ ಬರ ಇಲ್ಲ. ಮರ ಇದೆ, ಹಗ್ಗ ಇದೆ, ಹುಡುಗರ ತೋಳಿನಲ್ಲಿ ಬಲವೂ ಇದೆ. ಇಲ್ಲದಿರುವುದು ಅದನ್ನು ಆಟ ಎಂದು ಕರೆದು ಗಡಿಯಾರ ಹಿಡಿದು ನಿಲ್ಲುವವರು.

ಹಗ್ಗ ಎಲ್ಲಿ ಉಳಿದಿದೆ?

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ. ಒಲಿಂಪಿಕ್ಸ್‌ನಿಂದ ಹೋದ ಹಗ್ಗ ಕೆಲಸದ ಬಾಗಿಲಲ್ಲಿ ಇನ್ನೂ ತೂಗುತ್ತಿದೆ. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕೆಡೆಟ್‌ಗಳು ಹಗ್ಗ ಹತ್ತಲೇಬೇಕು. ತಮಿಳುನಾಡು ಪೊಲೀಸ್ ಪೇದೆ ನೇಮಕದಲ್ಲಿ ಗಂಡುಮಕ್ಕಳ ದೈಹಿಕ ಪರೀಕ್ಷೆಯಲ್ಲೂ ಹಗ್ಗ ಹತ್ತುವುದಿದೆ. ನಮ್ಮ ಶಾಲೆಗಳಲ್ಲಿ ಓದಿದ ಹುಡುಗರಲ್ಲಿ ಖಾಕಿ ಹಾಕುವ ಆಸೆ ಇಟ್ಟುಕೊಂಡವರು ಎಷ್ಟೋ ಜನ. ಓಡುವುದನ್ನು ಹೇಗೋ ರಸ್ತೆಯಲ್ಲಿ ಅಭ್ಯಾಸ ಮಾಡುತ್ತಾರೆ. ಹಗ್ಗ ಮಾತ್ರ ಶಾಲೆಯಲ್ಲಿ ಒಂದು ದಿನವೂ ಮುಟ್ಟಿರುವುದಿಲ್ಲ. ಇಪ್ಪತ್ತು ದಾಟಿದ ಮೇಲೆ, ಪರೀಕ್ಷೆಗೆ ತಿಂಗಳಿರುವಾಗ ಹಗ್ಗ ಹುಡುಕಿಕೊಂಡು ಹೋಗುತ್ತಾರೆ.

ಅವರಿಗೂ ನಾವು ಹೇಳುವುದು ಒಂದೇ: ಹಗ್ಗ ತಡವಾಗಿ ಬಂದವನನ್ನು ಹೊರಗೆ ಹಾಕುವುದಿಲ್ಲ. ಬಾಸ್ ಮತ್ತು ಕೊನೊಲಿ ಕಾಲೇಜಿನ ವಯಸ್ಸಿನವರು, ಐಸರ್ 34ರ ಗುಮಾಸ್ತ. ಆದರೆ ಇನ್ನೂ ಸ್ವಲ್ಪ ಮೊದಲೇ ಶುರು ಮಾಡಲು ಶಾಲೆ ಅವಕಾಶ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು?

ತಡವಾಗಿ ಶುರು ಮಾಡುವುದು ನಮ್ಮ ಮಕ್ಕಳಿಗೆ ಹೊಸದೂ ಅಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಹೋದ ದಿನ ಪಾಠವೆಲ್ಲ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಇರುತ್ತದೆ. ಪಕ್ಕದಲ್ಲಿ ಕುಳಿತವರು ಹತ್ತು ವರ್ಷ ಮುಂದಿರುತ್ತಾರೆ. ಆದರೂ ಹತ್ತುತ್ತಾರೆ. ಒಂದೊಂದು ಕೈಯಾಗಿ ಮೇಲೆ ಹೋಗುತ್ತಾರೆ. ಅದನ್ನು ನಾವು ಪ್ರತಿ ವರ್ಷ ನೋಡುತ್ತಿದ್ದೇವೆ.

ಶಾಲೆಗೊಂದು ಹಗ್ಗ

ಆದ್ದರಿಂದ ಶಿಕ್ಷಕ ಮಿತ್ರರಲ್ಲಿ, ಪೋಷಕರಲ್ಲಿ ನಮ್ಮದೊಂದು ವಿನಂತಿ. ಶಾಲೆಯ ಅಂಗಳದಲ್ಲಿ ಗಟ್ಟಿ ಕೊಂಬೆಯ ಮರವಿದ್ದರೆ, ಅಥವಾ ಒಂದು ಕಬ್ಬಿಣದ ಕಮಾನು ನಿಲ್ಲಿಸಲು ಸಾಧ್ಯವಾದರೆ, ಒಂದು ಹಗ್ಗ ಕಟ್ಟಿಸಿ. ತೆಳು ಹಗ್ಗ ಬೇಡ, ಅಂಗೈ ತುಂಬುವಷ್ಟು ದಪ್ಪನೆಯದಿರಲಿ. ಮೊದಲು ಎರಡು ಮೂರು ದೊಡ್ಡವರು ಒಟ್ಟಿಗೆ ತೂಗಿ ಕೊಂಬೆಯನ್ನೂ ಗಂಟನ್ನೂ ಪರೀಕ್ಷಿಸಿ. ಕೆಳಗೆ ಮರಳು ಹಾಕಿ, ಮೇಲೊಂದು ಹಾಸಿಗೆ ಹಾಸಿ. ಶಿಕ್ಷಕರಿಲ್ಲದಾಗ ಹಗ್ಗವನ್ನು ಮೇಲೆ ಕಟ್ಟಿಡಿ. ಮೊದಲ ತಿಂಗಳು ಹತ್ತುವುದೇ ಬೇಡ, ಹಿಡಿದು ತೂಗುವುದು ಸಾಕು. ಆಮೇಲೆ ಕಾಲು ಸೇರಿಸಿ ಎರಡು ಮೀಟರ್. ಬರೀ ಕೈಯಲ್ಲಿ ಹತ್ತುವುದು ಕೊನೆಗೆ. ಇಳಿಯುವಾಗ ಜಾರಬಾರದು, ಅಂಗೈ ಸುಟ್ಟುಹೋಗುತ್ತದೆ. ಒಂದೊಂದು ಕೈಯಾಗಿಯೇ ಇಳಿಯಬೇಕು ಎಂದು ಮೊದಲ ದಿನವೇ ಕಲಿಸಿ. ಹೆಣ್ಣುಮಕ್ಕಳನ್ನು ಪಕ್ಕಕ್ಕೆ ನಿಲ್ಲಿಸಬೇಡಿ.

ಇನ್ನೊಂದು ಸಂತೋಷದ ಸಂಗತಿ ಹೇಳಿ ಮುಗಿಸುತ್ತೇವೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗೋಡೆ ಹತ್ತುವ ವೇಗದ ಸ್ಪರ್ಧೆಗೆ ಪ್ರತ್ಯೇಕ ಪದಕ ಇಟ್ಟರು. 15 ಮೀಟರ್ ಗೋಡೆ. ಇಂಡೊನೇಷಿಯಾದ ವೆದ್ರಿಕ್ ಲಿಯೊನಾರ್ಡೊ ಅದನ್ನು 4.75 ಸೆಕೆಂಡಿನಲ್ಲಿ ಹತ್ತಿ ಚಿನ್ನ ಗೆದ್ದರು. ಹಗ್ಗ ಇಲ್ಲ, ಕಾಲು ಬಳಸಬಹುದು, ಆಟ ಬೇರೆ. ಆದರೂ ನೆಲದಿಂದ ತುದಿಗೆ ಯಾರು ಮೊದಲು ಎಂಬ ಆ ಹಳೆಯ ಪ್ರಶ್ನೆಗೆ ತೊಂಬತ್ತೆರಡು ವರ್ಷಗಳ ನಂತರ ಒಲಿಂಪಿಕ್ಸ್‌ನಲ್ಲಿ ಮತ್ತೆ ಪ್ರತ್ಯೇಕ ಪದಕ ಬಂತು. ಶುಪ್ಚಿಕ್ 1924ರಲ್ಲಿ ಹಗ್ಗ ಹತ್ತಿ ಗೆದ್ದ ಊರೂ ಪ್ಯಾರಿಸ್ಸೇ! ಪಟ್ಟಿಯಿಂದ ತೆಗೆದದ್ದೆಲ್ಲ ಮುಗಿದುಹೋಗುವುದಿಲ್ಲ.

ಆ ಎಂಟನೆಯ ತರಗತಿಯ ಹುಡುಗನಿಗೆ ನಮ್ಮ ಉತ್ತರ ಈಗ ಸಿದ್ಧವಾಗಿದೆ. ಅಡ್ಡಪಟ್ಟಿಗೆ ತಡವಾಗಿರಬಹುದಪ್ಪ, ಹಗ್ಗಕ್ಕೆ ತಡವಾಗಿಲ್ಲ. ನಾಳೆ ಬೆಳಿಗ್ಗೆ ಸ್ವಲ್ಪ ಬೇಗ ಬಾ.

ನಿಮ್ಮ ಊರಿನ ಹಳೆಯ ಗರಡಿ ಮನೆ, ಜಾರುಗಂಬ, ಹಗ್ಗದಾಟಗಳ ನೆನಪು ಮನೆಯ ಹಿರಿಯರಲ್ಲಿ ಇದ್ದರೆ ಕೇಳಿ ಬರೆದಿಡಿ. ಮಕ್ಕಳ ಕೈಯಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು.